ಮುಖದ ಸುಕ್ಕಿಗೆ ಕೆಮಿಕಲ್ ಪೀಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡಿ ಮುಂದೆ ಕೂತು, ಎರಡು ಬೆರಳಿನಿಂದ ಕೆನ್ನೆಯನ್ನು ಕಿವಿಯ ಕಡೆಗೆ ಎಳೆದು ಹಿಡಿದು, "ಇಷ್ಟಾದರೆ ಸಾಕು ಡಾಕ್ಟ್ರೇ" ಎಂದು ತೋರಿಸುವವರನ್ನು ನಾನು ಚರ್ಮದ ಚಿಕಿತ್ಸೆಗೆ ಇಳಿದ ದಿನದಿಂದ ನೋಡುತ್ತಾ ಬಂದಿದ್ದೇನೆ. ಅವರ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಆ ಬೆರಳು ಮಾಡಿದ ಕೆಲಸ ಪೀಲ್‌ನಿಂದ ಆಗುವುದಿಲ್ಲ. ಪೀಲ್ ಚರ್ಮವನ್ನು ಎಳೆದು ಬಿಗಿಯುವುದಿಲ್ಲ, ಹಳೆಯ ಮೇಲ್ಮೈಯನ್ನು ಕಳಚಿಸಿ ಹೊಸದು ಬೆಳೆಯುವಂತೆ ಮಾಡುತ್ತದೆ. ಇಷ್ಟು ಮನಸ್ಸಿಗೆ ಇಳಿದರೆ ಕೆಳಗಿನ ಅರ್ಧ ಪ್ರಶ್ನೆಗಳು ತಾವಾಗೇ ಬಗೆಹರಿಯುತ್ತವೆ.

ಕೆಮಿಕಲ್ ಪೀಲ್ ಅಂದರೆ ಆಸಿಡ್ ಹಾಕಿ ಮುಖ ಸುಡುವುದಾ?

ಈ ಮಾತು ಕೇಳಿ ಎಷ್ಟೋ ಜನ ಹೆದರುತ್ತಾರೆ, ಹಾಗಾಗಿ ನೇರವಾಗಿಯೇ ಹೇಳುತ್ತೇನೆ. ಹೌದು, ಹಚ್ಚುವುದು ಆಸಿಡ್ಡೇ. ಆಗುವುದೂ ಒಂದು ಬಗೆಯ ಗಾಯವೇ. ಆದರೆ ಅದು ಎಷ್ಟು ಆಳಕ್ಕೆ ಇಳಿಯಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಮೊದಲೇ ನಿರ್ಧರಿಸಿ ಮಾಡುವ ಗಾಯ. ಚರ್ಮಕ್ಕೆ ಪೆಟ್ಟು ಬಿದ್ದಾಗ ದೇಹ ಸುಮ್ಮನಿರುವುದಿಲ್ಲ. ಮೇಲ್ಪದರದ ತಳದಲ್ಲಿರುವ ಕೋಶಗಳು ಬೇಗ ಬೇಗ ಹುಟ್ಟಿ ಮೇಲೇರುತ್ತವೆ. ಪೆಟ್ಟು ಇನ್ನಷ್ಟು ಕೆಳಗೆ ಮುಟ್ಟಿದ್ದರೆ ಒಳಪದರದ ಫೈಬ್ರೋಬ್ಲಾಸ್ಟ್ ಎಂಬ ಕೋಶಗಳು ಎಚ್ಚೆತ್ತು, ಚರ್ಮಕ್ಕೆ ಬಲ ಕೊಡುವ ಕೊಲಾಜನ್ ಎಂಬ ನಾರನ್ನು ಹೊಸದಾಗಿ ನೇಯುತ್ತವೆ. ಸುಕ್ಕು ತೆಳುವಾಗುವುದು ಈ ಹೊಸ ನೇಯ್ಗೆಯಿಂದ.

ಇದು ನಿನ್ನೆ ಮೊನ್ನೆಯ ಫ್ಯಾಶನ್ ಅಲ್ಲ. ಜರ್ಮನಿಯ ಚರ್ಮತಜ್ಞ ಪೌಲ್ ಗೆರ್ಸನ್ ಉನ್ನಾ 1882ರಲ್ಲೇ ಸ್ಯಾಲಿಸಿಲಿಕ್ ಆಸಿಡ್, ರಿಸಾರ್ಸಿನಾಲ್, ಟ್ರೈಕ್ಲೋರೋಅಸಿಟಿಕ್ ಆಸಿಡ್, ಫೀನಾಲ್ ಇವುಗಳು ಚರ್ಮದ ಮೇಲೆ ಹೇಗೆ ಕೆಲಸ ಮಾಡುತ್ತವೆ ಎಂದು ಬರೆದಿದ್ದರು. ಇವತ್ತಿಗೂ ನಮ್ಮ ಟ್ರೇಯಲ್ಲಿ ಇರುವುದು ಬಹುಮಟ್ಟಿಗೆ ಅವೇ.

ಯಾವ ಸುಕ್ಕು ಹೋಗುತ್ತದೆ, ಯಾವುದು ಹೋಗುವುದಿಲ್ಲ?

ಇಡೀ ವಿಷಯದಲ್ಲಿ ಮುಖ್ಯವಾದ ಪ್ರಶ್ನೆ ಇದು. ಕಿಟಕಿಯ ಬೆಳಕಿಗೆ ಮುಖ ಒಡ್ಡಿ, ನಗದೆ, ಹುಬ್ಬು ಗಂಟಿಕ್ಕದೆ ಸಡಿಲವಾಗಿ ಬಿಟ್ಟು ನೋಡಿಕೊಳ್ಳಿ.

ಕಣ್ಣಿನ ಕೆಳಗೆ, ಕೆನ್ನೆಯ ಮೇಲೆ ತೆಳು ಕಾಗದವನ್ನು ಮುದುಡಿ ಬಿಡಿಸಿದಂತೆ ಸಣ್ಣ ಸಣ್ಣ ಗೆರೆಗಳಿವೆಯೇ? ಚರ್ಮ ಒರಟಾಗಿ, ಬಣ್ಣ ಒಂದೊಂದು ಕಡೆ ಒಂದೊಂದು ಥರ ಇದೆಯೇ? ಇದು ವರ್ಷಗಟ್ಟಲೆ ಬಿಸಿಲು ತಿಂದ ಚರ್ಮದ ಗುರುತು. ಪೀಲ್ ಚೆನ್ನಾಗಿ ಕೆಲಸ ಮಾಡುವುದು ಇಲ್ಲಿ.

ನಗುವಾಗ ಮಾತ್ರ ಕಣ್ಣಂಚಿನಲ್ಲಿ ಮೂಡುವ ಗೆರೆ, ಹುಬ್ಬೇರಿಸಿದಾಗ ಹಣೆಯ ಮೇಲೆ ಬರುವ ಅಡ್ಡಗೆರೆ, ಹುಬ್ಬುಗಳ ನಡುವಿನ ಉದ್ದಗೆರೆ, ಇವೆಲ್ಲ ಕೆಳಗಿನ ಸ್ನಾಯುವಿನ ಎಳೆತದಿಂದ ಬರುವಂಥವು. ಮೇಲಿನಿಂದ ಎಷ್ಟು ಸುಲಿದರೂ ಸ್ನಾಯು ತನ್ನ ಕೆಲಸ ಬಿಡುವುದಿಲ್ಲ. ಅದಕ್ಕೆ ಸ್ನಾಯುವನ್ನು ಸಡಿಲಿಸುವ ಬೊಟುಲಿನಮ್ ಇಂಜೆಕ್ಷನ್ ಸರಿಯಾದ ದಾರಿ. ಮೂಗಿನ ಪಕ್ಕದಿಂದ ಬಾಯಿಯ ಅಂಚಿನವರೆಗೆ ಇಳಿಯುವ ಮಡಿಕೆ, ಜೋತ ಗಲ್ಲ, ದವಡೆಯಂಚಿನಲ್ಲಿ ಇಳಿಬಿದ್ದ ಚರ್ಮ, ಇವು ಒಳಗಿನ ಕೊಬ್ಬು ಕರಗಿ, ಆಧಾರ ಸಡಿಲಗೊಂಡು ಆದವು. ಕೆನ್ನೆಯನ್ನು ಬೆರಳಿನಿಂದ ಮೇಲಕ್ಕೆ ಎತ್ತಿದರೆ ಮಾತ್ರ ಸುಕ್ಕು ಮಾಯವಾಗುತ್ತದೆ ಎಂದಾದರೆ ಪೀಲ್‌ಗೆ ಹಣ ಹಾಕಬೇಡಿ.

ಮೇಲ್ತುಟಿಯ ಮೇಲಿನ ನೇರ ಗೆರೆಗಳು ಹಟಮಾರಿಗಳು. ಮೇಲ್ಪದರದ ಪೀಲ್‌ಗೆ ಅವು ಅಲುಗುವುದಿಲ್ಲ. ಆಳದ ಪೀಲ್‌ಗೆ ಬಗ್ಗುತ್ತವೆ, ಆದರೆ ಆಳದ ಪೀಲ್ ಎಲ್ಲರಿಗೂ ಹೇಳಿದ್ದಲ್ಲ.

ಎಷ್ಟು ಬಗೆಯ ಪೀಲ್‌ಗಳಿವೆ? ನನಗೆ ಯಾವುದು?

ಆಳದ ಲೆಕ್ಕದಲ್ಲಿ ಮೂರು.

ಮೊದಲನೆಯದು ಚರ್ಮದ ಹೊರಪದರದಲ್ಲೇ ನಿಲ್ಲುವ ಮೇಲ್ಪದರದ ಪೀಲ್. ಶೇ. 20ರಿಂದ 70ರವರೆಗಿನ ಗ್ಲೈಕೋಲಿಕ್ ಆಸಿಡ್, ಲ್ಯಾಕ್ಟಿಕ್, ಮ್ಯಾಂಡೆಲಿಕ್, ಶೇ. 20ರಿಂದ 30ರ ಸ್ಯಾಲಿಸಿಲಿಕ್ ಇವೆಲ್ಲ ಈ ಗುಂಪಿನವು. ರಿಸಾರ್ಸಿನಾಲ್, ಸ್ಯಾಲಿಸಿಲಿಕ್, ಲ್ಯಾಕ್ಟಿಕ್ ಮೂರನ್ನೂ ತಲಾ ಶೇ. 14ರಷ್ಟು ಆಲ್ಕೋಹಾಲಿನಲ್ಲಿ ಬೆರೆಸಿದ ಜೆಸ್ನರ್ ದ್ರಾವಣವೂ ಇಲ್ಲೇ ಬರುತ್ತದೆ. ಗ್ಲೈಕೋಲಿಕ್‌ನ ಅಣು ಬಲು ಚಿಕ್ಕದು, ಬೇಗ ಒಳಗಿಳಿಯುತ್ತದೆ. ಮ್ಯಾಂಡೆಲಿಕ್‌ನ ಅಣು ದೊಡ್ಡದು, ನಿಧಾನ, ಹಾಗಾಗಿ ಸೂಕ್ಷ್ಮ ಚರ್ಮಕ್ಕೆ ಸೌಮ್ಯ. ಒಂದು ಸಲಕ್ಕೆ ಹೊಳಪು ಬರಬಹುದು, ಸುಕ್ಕಿನಲ್ಲಿ ಕಣ್ಣಿಗೆ ಕಾಣುವ ಬದಲಾವಣೆ ಬರಬೇಕಾದರೆ ಎರಡರಿಂದ ನಾಲ್ಕು ವಾರಕ್ಕೊಮ್ಮೆಯಂತೆ ನಾಲ್ಕರಿಂದ ಆರು ಸಲ ಬೇಕು.

ಎರಡನೆಯದು ಒಳಪದರದ ಮೇಲ್ಭಾಗವನ್ನು ಮುಟ್ಟುವ ಮಧ್ಯಮ ಪೀಲ್. ಇಲ್ಲಿ ಮುಖ್ಯ ಹೆಸರು ಟ್ರೈಕ್ಲೋರೋಅಸಿಟಿಕ್ ಆಸಿಡ್, ಎಲ್ಲರೂ ಟಿಸಿಎ ಎನ್ನುತ್ತಾರೆ. ಮೊದಲು ಜೆಸ್ನರ್ ಅಥವಾ ಗ್ಲೈಕೋಲಿಕ್ ಹಚ್ಚಿ, ಅದರ ಮೇಲೆ ಶೇ. 35ರ ಟಿಸಿಎ ಹಚ್ಚುವುದು ರೂಢಿ. ಟಿಸಿಎಯನ್ನೇ ಶೇ. 50ಕ್ಕೆ ಏರಿಸಿ ಒಂದೇ ಏಟಿಗೆ ಆಳಕ್ಕಿಳಿಸುವುದು ಮುಖಕ್ಕೆ ಕ್ಷೇಮವಲ್ಲ, ಕಲೆಗಟ್ಟುವ ಸಾಧ್ಯತೆ ಜಾಸ್ತಿ. ಬಿಸಿಲಿನಿಂದಾದ ಸಾಧಾರಣ ಸುಕ್ಕಿಗೆ ಒಂದು ಸಲದ ಮಧ್ಯಮ ಪೀಲ್ ಕೊಡುವ ಫಲವನ್ನು ಹತ್ತು ಸಲದ ಮೇಲ್ಪದರದ ಪೀಲ್ ಕೊಡಲಾರದು.

ಮೂರನೆಯದು ಫೀನಾಲ್ ಮತ್ತು ಕ್ರೋಟನ್ ಎಂಬ ಗಿಡದ ಬೀಜದ ಎಣ್ಣೆಯ ಆಳದ ಪೀಲ್. ಸುಕ್ಕಿನ ಮಟ್ಟಿಗೆ ಇದಕ್ಕೆ ಸಾಟಿ ಕಡಿಮೆ. 1960ರ ದಶಕದ ಆರಂಭದಲ್ಲಿ ಬಂದ ಬೇಕರ್-ಗಾರ್ಡನ್ ಸೂತ್ರದಲ್ಲಿ ಕ್ರೋಟನ್ ಎಣ್ಣೆ ಕೇವಲ ಮೂರು ಹನಿ. ಆ ಮೂರು ಹನಿಯೇ ಆಳವನ್ನು ಬಹುವಾಗಿ ನಿರ್ಧರಿಸುತ್ತದೆ ಎಂಬುದು 2000ದ ಹೊತ್ತಿಗೆ ಪ್ಲಾಸ್ಟಿಕ್ ಸರ್ಜನ್ ಹೆಟ್ಟರ್ ಅವರ ಕೆಲಸದಿಂದ ಸ್ಪಷ್ಟವಾಯಿತು. ಫೀನಾಲ್ ಚರ್ಮದ ಮೂಲಕ ರಕ್ತ ಸೇರುತ್ತದೆ, ಹೃದಯದ ಬಡಿತವನ್ನು ತಪ್ಪಿಸಬಲ್ಲದು. ಅದಕ್ಕೇ ಇಡೀ ಮುಖಕ್ಕೆ ಒಮ್ಮೆಗೇ ಹಚ್ಚದೆ, ಭಾಗ ಭಾಗವಾಗಿ, ನಡುವೆ ಸುಮಾರು 15 ನಿಮಿಷ ಬಿಟ್ಟು, ಡ್ರಿಪ್ ಹಾಕಿ, ಇಸಿಜಿ ಮಾನಿಟರ್ ನೋಡುತ್ತಾ ಮಾಡಬೇಕು. ಹೃದಯ, ಲಿವರ್, ಕಿಡ್ನಿ ತೊಂದರೆ ಇರುವವರು ಇದರ ಹತ್ತಿರ ಹೋಗಬಾರದು.

ಶೇಕಡಾ ಹೆಚ್ಚಿದ್ದಷ್ಟೂ ಫಲ ಹೆಚ್ಚಾ?

ಬಾಟಲಿಯ ಮೇಲಿನ ಅಂಕಿ ಅರ್ಧ ಕಥೆ ಮಾತ್ರ. ಅದೇ ಶೇ. 50ರ ಗ್ಲೈಕೋಲಿಕ್‌ನ ಪಿಎಚ್ (ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಆಸಿಡ್ ತೀಕ್ಷ್ಣ) 1 ಇದ್ದರೆ ಕೊಡುವ ಏಟು ಬೇರೆ, 3 ಇದ್ದರೆ ಬೇರೆ. ಎಷ್ಟು ಹೊತ್ತು ಬಿಟ್ಟರು, ಎಷ್ಟು ಕೋಟ್ ಹಚ್ಚಿದರು, ಉಜ್ಜಿ ಹಚ್ಚಿದರೋ ಸವರಿದರೋ, ಮುಖದ ಎಣ್ಣೆಯಂಶವನ್ನು ಮೊದಲು ಎಷ್ಟು ತೆಗೆದರು, ಎಲ್ಲವೂ ಆಳವನ್ನು ಬದಲಿಸುತ್ತವೆ. ಬಾಟಲಿಗಿಂತ ಕೈ ಮುಖ್ಯ.

ಕಂದು ಅಥವಾ ಕಪ್ಪು ಮೈಬಣ್ಣದವರು ಮಾಡಿಸಬಹುದೇ?

ಮಾಡಿಸಬಹುದು, ಆದರೆ ಲೆಕ್ಕಾಚಾರವೇ ಬೇರೆ. ಬಿಸಿಲಿಗೆ ಚರ್ಮ ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದರ ಮೇಲೆ ಅದನ್ನು ಆರು ವರ್ಗ ಮಾಡುವ ಪದ್ಧತಿ ಇದೆ. 1975ರಲ್ಲಿ ಅದನ್ನು ಶುರುಮಾಡಿದ ಫಿಟ್ಜ್‌ಪ್ಯಾಟ್ರಿಕ್ ಅವರ ಹೆಸರೇ ಅದಕ್ಕೆ ಉಳಿದಿದೆ. ನಾಲ್ಕು, ಐದು, ಆರನೇ ವರ್ಗದ, ಅಂದರೆ ಕಂದಿನಿಂದ ಕಪ್ಪಿನವರೆಗಿನ ಚರ್ಮದಲ್ಲಿ ಬಣ್ಣ ತಯಾರಿಸುವ ಕೋಶಗಳು ತುಂಬ ಚುರುಕು. ಸ್ವಲ್ಪ ಕೆರಳಿದರೂ ಸಾಕು, ಗಾಯ ಮಾಗಿದ ಜಾಗದಲ್ಲಿ ಕಪ್ಪು ಕಲೆ ಕೂರುತ್ತದೆ. ಸುಕ್ಕು ಹೋಗಲೆಂದು ಬಂದವರು ಕಲೆ ಹೊತ್ತುಕೊಂಡು ಹೋದರೆ ಅದಕ್ಕಿಂತ ನೋವಿನ ಸಂಗತಿ ಈ ಕೆಲಸದಲ್ಲಿ ಇನ್ನೊಂದಿಲ್ಲ.

ಸಮಾಧಾನದ ಮಾತೂ ಇದೆ. ಈ ಚರ್ಮಕ್ಕೆ ಬಿಸಿಲಿನ ಸಣ್ಣ ಸುಕ್ಕು ತಡವಾಗಿ, ಕಡಿಮೆಯಾಗಿ ಬರುತ್ತದೆ. ಹಾಗಾಗಿ ಬಹಳ ಜನಕ್ಕೆ ಮೇಲ್ಪದರದ ಪೀಲ್‌ಗಳೇ ಸಾಕು. ಕಡಿಮೆ ಶೇಕಡಾದಿಂದ ಶುರುಮಾಡಿ, ಕಿವಿಯ ಹಿಂದೆ ಅಥವಾ ಮುಂದೆ ಒಂದು ಚಿಕ್ಕ ಜಾಗದಲ್ಲಿ ಪರೀಕ್ಷೆ ಮಾಡಿ, ಸಲದಿಂದ ಸಲಕ್ಕೆ ಸ್ವಲ್ಪ ಸ್ವಲ್ಪವೇ ಏರಿಸುವುದು ಸರಿಯಾದ ಕ್ರಮ. ಮಧ್ಯಮ ಪೀಲ್ ಮಾಡುವುದಾದರೆ ಅನುಭವಿ ಕೈಯೇ ಬೇಕು. ಆಳದ ಫೀನಾಲ್ ಪೀಲ್ ಬಣ್ಣವನ್ನು ಶಾಶ್ವತವಾಗಿ ಅಳಿಸಿಬಿಡಬಹುದು. ಆಗ ಮುಖ ಒಂದು ಬಣ್ಣ, ಕುತ್ತಿಗೆ ಒಂದು ಬಣ್ಣ. ಅದನ್ನು ಈ ಮೈಬಣ್ಣಕ್ಕೆ ನಾನು ಹೇಳುವುದೇ ಇಲ್ಲ. ಬಂಗು ಇರುವವರು ಅದನ್ನು ಮೊದಲು ಹತೋಟಿಗೆ ತಂದು, ಆಮೇಲೆ ಸುಕ್ಕಿನ ಮಾತಾಡುವುದು ಒಳ್ಳೆಯದು.

ಮುಂಚೆ ಏನು ತಯಾರಿ ಬೇಕು?

ಎರಡರಿಂದ ನಾಲ್ಕು ವಾರ ಚರ್ಮವನ್ನು ಹದ ಮಾಡಿಕೊಳ್ಳಬೇಕು. ರಾತ್ರಿ ರೆಟಿನಾಯ್ಡ್ (ವಿಟಮಿನ್ ಎ ಜಾತಿಯ) ಕ್ರೀಮ್, ಕಲೆಯಾಗುವ ಚರ್ಮವಾದರೆ ಬಣ್ಣ ತಗ್ಗಿಸುವ ಕ್ರೀಮ್, ಹಗಲು ಸನ್‌ಸ್ಕ್ರೀನ್. ಇದರಿಂದ ಪೀಲ್ ಸಮನಾಗಿ ಇಳಿಯುತ್ತದೆ, ಗಾಯವೂ ಬೇಗ ಮಾಗುತ್ತದೆ. ಪೀಲ್‌ಗೆ ಕೆಲವು ದಿನ ಮೊದಲು ರೆಟಿನಾಯ್ಡ್ ನಿಲ್ಲಿಸಲು ಹೇಳುತ್ತಾರೆ, ಆ ಮಾತು ಮರೆಯಬೇಡಿ. ಅದೇ ವಾರದಲ್ಲಿ ವ್ಯಾಕ್ಸಿಂಗ್, ಥ್ರೆಡಿಂಗ್, ಬ್ಲೀಚ್, ಸ್ಕ್ರಬ್ ಯಾವುದೂ ಬೇಡ.

ಡಾಕ್ಟರ್ ಕೇಳದಿದ್ದರೂ ನೀವಾಗಿ ಹೇಳಬೇಕಾದ ಸಂಗತಿಗಳಿವೆ. ಯಾವಾಗಲಾದರೂ ತುಟಿಯಂಚಿನಲ್ಲಿ ನೀರುಗುಳ್ಳೆ ಎದ್ದಿತ್ತೇ? ಅದು ಹರ್ಪಿಸ್ ವೈರಸ್. ಪೀಲ್ ಆದ ಮೇಲೆ ಮತ್ತೆ ಎದ್ದು ಇಡೀ ಮುಖಕ್ಕೆ ಹಬ್ಬಿ ಗುಳಿ ಬೀಳಿಸಬಹುದು. ಮೊದಲೇ ಗೊತ್ತಿದ್ದರೆ ವೈರಸ್ ವಿರುದ್ಧದ ಮಾತ್ರೆ ಕೊಟ್ಟು ತಡೆಯುತ್ತೇವೆ. ಮೊಡವೆಗೆ ಐಸೋಟ್ರೆಟಿನಾಯಿನ್ ಮಾತ್ರೆ ತಿನ್ನುತ್ತಿದ್ದೀರಾ, ಇತ್ತೀಚೆಗೆ ನಿಲ್ಲಿಸಿದ್ದೀರಾ? ಮಧ್ಯಮ ಮತ್ತು ಆಳದ ಪೀಲ್‌ಗೆ ನಿಲ್ಲಿಸಿ ಆರು ತಿಂಗಳು ಕಾಯುವುದು ವಾಡಿಕೆ. ಗಾಯವಾದಲ್ಲೆಲ್ಲ ಉಬ್ಬಿದ ಗಂಟು ಬರುವ ಕೀಲಾಯ್ಡ್ ಸ್ವಭಾವ, ಆಸ್ಪಿರಿನ್ ಅಲರ್ಜಿ, ಧೂಮಪಾನ, ಮುಖದಲ್ಲಿ ಎಕ್ಸಿಮಾ ಅಥವಾ ಸೋಂಕು, ಎಲ್ಲವೂ ನಿರ್ಧಾರವನ್ನು ಬದಲಿಸುತ್ತವೆ. ಬಸುರಿಯರು, ಹಾಲೂಡಿಸುವ ತಾಯಂದಿರು ಮುಂದಕ್ಕೆ ಹಾಕುವುದು ವಾಸಿ. ಸುಕ್ಕು ಎಲ್ಲಿಗೂ ಓಡಿಹೋಗುವುದಿಲ್ಲ.

ಆ ದಿನ ಏನೇನಾಗುತ್ತದೆ? ನೋವಾಗುತ್ತದೆಯೇ?

ಮುಖ ತೊಳೆದು, ಅಸಿಟೋನ್ ಅಥವಾ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಎಣ್ಣೆಯಂಶ ಒರೆಸುತ್ತಾರೆ. ಕಣ್ಣಿನ ಮೂಲೆ, ಮೂಗಿನ ಮಡಿಕೆ, ತುಟಿಯಂಚಿಗೆ ಪೆಟ್ರೋಲಿಯಂ ಜೆಲ್ಲಿ ಸವರುತ್ತಾರೆ, ಆಸಿಡ್ ಅಲ್ಲಿ ನಿಂತು ಸುಡಬಾರದೆಂದು. ನಿಮ್ಮ ಕೈಗೆ ಒಂದು ಪುಟ್ಟ ಫ್ಯಾನ್ ಕೊಡಬಹುದು. ಆಸಿಡ್ ಅದ್ದಿದ ಹತ್ತಿಯನ್ನು ಕಣ್ಣಿನ ಮೇಲಿಂದ ದಾಟಿಸುವವರ ಹತ್ತಿರ ಮಾತ್ರ ಮಲಗಬೇಡಿ. ಒಂದು ಹನಿ ಬಿದ್ದರೆ ಸಾಕು.

ಗ್ಲೈಕೋಲಿಕ್ ಆದರೆ ಮೊದಲು ಇರುವೆ ಹರಿದಂತೆ, ಆಮೇಲೆ ಚುರುಚುರು. ಕೆಲವೇ ನಿಮಿಷ, ಚರ್ಮ ಸಮನಾಗಿ ಕೆಂಪಾದ ಕೂಡಲೇ ಸೋಡಾ ಬೈಕಾರ್ಬನೇಟ್ ದ್ರಾವಣ ಅಥವಾ ನೀರಿನಿಂದ ಅದರ ಕೆಲಸ ನಿಲ್ಲಿಸುತ್ತಾರೆ. ಸಮಯಕ್ಕೆ ಸರಿಯಾಗಿ ನಿಲ್ಲಿಸದಿದ್ದರೆ ಅದು ಇಳಿಯುತ್ತಲೇ ಹೋಗುತ್ತದೆ. ಸ್ಯಾಲಿಸಿಲಿಕ್ ಹಾಗಲ್ಲ. ಆಲ್ಕೋಹಾಲ್ ಆರುತ್ತಿದ್ದಂತೆ ಬಿಳಿ ಪುಡಿಯಾಗಿ ಮುಖದ ಮೇಲೆ ಕೂರುತ್ತದೆ, ಮುಟ್ಟಿದರೆ ಉದುರುತ್ತದೆ.

ಟಿಸಿಎ ಹಚ್ಚಿದಾಗ ಕಾಣುವುದು ಬೇರೆಯೇ ದೃಶ್ಯ. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಕೆಂಪು ಚರ್ಮದ ಮೇಲೆ ಅಲ್ಲಲ್ಲಿ ಮಂಜು ಕಟ್ಟಿದಂತೆ ಬಿಳುಪು ಮೂಡುತ್ತದೆ, ನೋಡುತ್ತಿದ್ದಂತೆ ಆ ಚುಕ್ಕೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಇದನ್ನು ನಾವು ಫ್ರಾಸ್ಟಿಂಗ್ ಎನ್ನುತ್ತೇವೆ. ಚರ್ಮದ ಪ್ರೋಟೀನ್ ಗಡ್ಡೆಕಟ್ಟುವುದರಿಂದ ಬರುವ ಬಿಳುಪು ಅದು, ಉಜ್ಜಿದರೂ ಹೋಗುವುದಿಲ್ಲ. ಕೆಂಪಿನ ಮೇಲೆ ತೇಪೆ ತೇಪೆ ಬಿಳುಪಿದ್ದರೆ ಮೇಲ್ಪದರ, ಬಿಳುಪಿನ ಹಿಂದೆ ಕೆಂಪು ಇಣುಕುತ್ತಿದ್ದರೆ ಮಧ್ಯಮ, ಕೆಂಪೇ ಕಾಣದ ಗಟ್ಟಿ ಬಿಳುಪಾದರೆ ಇನ್ನೂ ಆಳ. ನಾವು ಗಡಿಯಾರಕ್ಕಿಂತ ಹೆಚ್ಚಾಗಿ ಈ ಬಣ್ಣವನ್ನು ನೋಡಿ ಕೈ ನಿಲ್ಲಿಸುತ್ತೇವೆ. ಟಿಸಿಎಯನ್ನು ಬೇರೇನೂ ಹಾಕಿ ನಿಲ್ಲಿಸಲಾಗದು, ಅದು ಪ್ರೋಟೀನಿನೊಡನೆ ಸೇರಿ ತಾನೇ ಮುಗಿಯುತ್ತದೆ. ಉರಿ ಒಂದೆರಡು ನಿಮಿಷ ಜೋರಾಗಿರುತ್ತದೆ, ತಣ್ಣನೆಯ ಬಟ್ಟೆ ಇಟ್ಟರೆ ಇಳಿಯುತ್ತದೆ.

ಎಷ್ಟು ದಿನ ಮನೆಯಲ್ಲಿರಬೇಕು?

ಮೇಲ್ಪದರದ ಪೀಲ್ ಆದರೆ ರಜೆ ಹಾಕಲೇಬೇಕೆಂದಿಲ್ಲ. ಒಂದು ದಿನ ಕೆಂಪು, ಮೂರರಿಂದ ಐದು ದಿನ ಒಣ ಹೊಟ್ಟಿನಂತೆ ಸಣ್ಣಗೆ ಏಳುತ್ತದೆ.

ಮಧ್ಯಮ ಪೀಲ್‌ಗೆ ಏಳರಿಂದ ಹದಿನಾಲ್ಕು ದಿನ ತೆಗೆದಿಡಿ. ಮರುದಿನ ಮುಖ ಊದಿ, ಕಣ್ಣು ಸಣ್ಣಗಾಗಬಹುದು. ಎರಡನೇ ದಿನಕ್ಕೆ ಚರ್ಮ ಕಂದುಗಟ್ಟಿ, ಮುಖಕ್ಕೆ ಯಾರೋ ಬಿಗಿಯಾದ ಕಾಗದ ಅಂಟಿಸಿದಂತೆ ಅನಿಸುತ್ತದೆ. ಮೂರನೇ ದಿನದಿಂದ ಬಾಯಿಯ ಸುತ್ತ ಬಿರುಕು ಬಿಡುತ್ತದೆ, ಮಾತು, ಊಟ, ಆಕಳಿಕೆಗೆ ಅಲುಗುವ ಜಾಗವಲ್ಲವೇ ಅದು. ಅಲ್ಲಿಂದ ಹಾವು ಪೊರೆ ಬಿಟ್ಟಂತೆ ಕೆನ್ನೆಯ ಕಡೆಗೆ, ಕೊನೆಗೆ ಹಣೆ ಮತ್ತು ಕಿವಿಯ ಅಂಚಿಗೆ ಸುಲಿಯುತ್ತಾ ಹೋಗುತ್ತದೆ. ಕೆಳಗಿರುವ ಗುಲಾಬಿ ಚರ್ಮ ಮಗುವಿನದರಷ್ಟು ಮೆತ್ತಗಿರುತ್ತದೆ.

ಆಳದ ಪೀಲ್‌ಗೆ ಎರಡರಿಂದ ಮೂರು ವಾರ, ಕೆಂಪು ಪೂರ್ತಿ ಇಳಿಯಲು ತಿಂಗಳುಗಳೇ ಬೇಕು.

ಸಿಪ್ಪೆ ಏಳಲೇ ಇಲ್ಲ. ಪೀಲ್ ಕೆಲಸ ಮಾಡಿಲ್ಲವೇ?

ಮಾಡಿದೆ. ಸುಲಿಯುವುದಕ್ಕೂ ಫಲಕ್ಕೂ ನೇರ ಸಂಬಂಧವಿಲ್ಲ. ಸೌಮ್ಯ ಪೀಲ್‌ಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣಗೆ ಉದುರಿ ಹೋಗುತ್ತದೆ.

ಅರ್ಧ ಎದ್ದ ಚರ್ಮವನ್ನು ಕಿತ್ತರೆ ಏನಾಗುತ್ತದೆ?

ದಯವಿಟ್ಟು ಕೀಳಬೇಡಿ. ನನ್ನ ಹತ್ತಿರ ಬರುತ್ತಿದ್ದ ಶಿಕ್ಷಕಿಯೊಬ್ಬರು ಪೀಲ್ ಆದ ನಾಲ್ಕನೇ ದಿನ ಮದುವೆಗೆ ಹೊರಟಾಗ ಗಲ್ಲದ ಮೇಲೆ ನೇತಾಡುತ್ತಿದ್ದ ಬೆರಳುಗುರಿನಷ್ಟು ಚೂರನ್ನು ಎಳೆದುಬಿಟ್ಟರು. ಒಂದು ತುದಿ ಇನ್ನೂ ಅಂಟಿಕೊಂಡಿತ್ತು, ರಕ್ತ ಜಿನುಗಿತು. ಉಳಿದ ಮುಖವೆಲ್ಲ ಹತ್ತು ದಿನದಲ್ಲಿ ಸೊಗಸಾಗಿ ಮಾಗಿತು. ಆ ಒಂದು ಜಾಗದ ಕಪ್ಪು ಕಲೆ ತಿಳಿಯಾಗಲು ಐದು ತಿಂಗಳು ಹಿಡಿಯಿತು. ನೇತಾಡುವ ಚೂರು ತೀರಾ ಕಿರಿಕಿರಿಯಾದರೆ ಶುಚಿಯಾದ ಚಿಕ್ಕ ಕತ್ತರಿಯಿಂದ ಸಡಿಲ ಭಾಗವನ್ನಷ್ಟೇ ಕತ್ತರಿಸಿ. ದಿನಕ್ಕೆ ನಾಲ್ಕೈದು ಸಲ ಪೆಟ್ರೋಲಿಯಂ ಜೆಲ್ಲಿಯೋ ಸುವಾಸನೆ ಇಲ್ಲದ ಮಾಯಿಶ್ಚರೈಸರೋ ತೆಳುವಾಗಿ ಸವರಿ. ಮುಖವನ್ನು ಬೆರಳ ತುದಿಯಿಂದ ತೊಳೆದು, ಒರೆಸದೆ ಒತ್ತಿ ಒಣಗಿಸಿ. ಹಳೆಯ ಕ್ರೀಮ್‌ಗಳಿಗೆ ಯಾವಾಗ ಮರಳಬೇಕೆಂದು ಕೇಳಿಕೊಂಡೇ ಮರಳಿ.

ಸನ್‌ಸ್ಕ್ರೀನ್ ಅಷ್ಟೊಂದು ಮುಖ್ಯವೇ?

ಪೀಲ್‌ಗಿಂತಲೂ ಮುಖ್ಯ ಎಂದರೆ ಅತಿಶಯವಲ್ಲ. ಹೊಸ ಚರ್ಮಕ್ಕೆ ಬಿಸಿಲು ಸೋಕಿದರೆ ಮೊದಲು ಬರುವುದು ಕಲೆ. ಎಸ್‌ಪಿಎಫ್ 30 ಅಥವಾ ಹೆಚ್ಚಿನ, ಬಿಸಿಲಿನ ಯುವಿಎ, ಯುವಿಬಿ ಎಂಬ ಎರಡೂ ಬಗೆಯ ಅತಿನೇರಳೆ ಕಿರಣಗಳನ್ನು ತಡೆಯುವ ಸನ್‌ಸ್ಕ್ರೀನನ್ನು ಬಿಸಿಲಲ್ಲಿರುವಾಗ ಎರಡು ಗಂಟೆಗೊಮ್ಮೆ ಹಚ್ಚಬೇಕು. ಕಂದು ಚರ್ಮದವರಿಗೆ ಐರನ್ ಆಕ್ಸೈಡ್ ಇರುವ, ಬಣ್ಣ ಬೆರೆಸಿದ ಸನ್‌ಸ್ಕ್ರೀನ್ ಇನ್ನೂ ಒಳ್ಳೆಯದು, ಏಕೆಂದರೆ ಕಣ್ಣಿಗೆ ಕಾಣುವ ಬೆಳಕೂ ಈ ಚರ್ಮವನ್ನು ಕಪ್ಪಾಗಿಸುತ್ತದೆ. ಚರ್ಮ ಇನ್ನೂ ಹಸಿಯಾಗಿರುವಾಗ ಸನ್‌ಸ್ಕ್ರೀನ್ ಉರಿಯಬಹುದು, ಆಗ ಅಗಲ ಅಂಚಿನ ಟೋಪಿ, ಛತ್ರಿ, ನೆರಳು.

2013ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ 55 ವರ್ಷದೊಳಗಿನ 903 ಜನರನ್ನು ಗಮನಿಸಿದ್ದರು. ದಿನಾ ಸನ್‌ಸ್ಕ್ರೀನ್ ಹಚ್ಚಿದ ಗುಂಪಿನವರಿಗೆ ನಾಲ್ಕೂವರೆ ವರ್ಷದಲ್ಲಿ ಚರ್ಮದ ಮುಪ್ಪು ಅಳತೆಗೆ ಸಿಗುವಷ್ಟು ಹೆಚ್ಚಲಿಲ್ಲ. ಪೀಲ್ ಬೇಡವೆಂದು ಹೊರಟವರಿಗೂ ನಾನು ಇದನ್ನು ಹೇಳಿಯೇ ಕಳಿಸುತ್ತೇನೆ.

ಯಾವ ಲಕ್ಷಣ ಕಂಡರೆ ತಕ್ಷಣ ಫೋನ್ ಮಾಡಬೇಕು?

ಉರಿ ಇಳಿಯಬೇಕಾದ ದಿನಗಳಲ್ಲಿ ನೋವು ಏರುತ್ತಿದ್ದರೆ. ಕೀವು, ಹಳದಿ ಹಕ್ಕಳೆ, ದುರ್ವಾಸನೆ, ಜ್ವರ ಬಂದರೆ. ಒತ್ತೊತ್ತಾಗಿ ನೀರುಗುಳ್ಳೆಗಳೆದ್ದರೆ. ಒಂದೇ ಜಾಗ ಮಾತ್ರ ವಾರಗಟ್ಟಲೆ ಕೆಂಪಾಗಿ, ತುರಿಸುತ್ತಾ, ಮುಟ್ಟಿದರೆ ಗಟ್ಟಿಯೆನಿಸಿದರೆ, ಅದು ಕಲೆಗಟ್ಟುವ ಮುನ್ಸೂಚನೆ, ಬೇಗ ಹಿಡಿದರೆ ತಡೆಯಬಹುದು. ಸ್ಯಾಲಿಸಿಲಿಕ್ ಪೀಲ್ ಆದ ಮೇಲೆ ಕಿವಿಯಲ್ಲಿ ಗುಂಯ್‌ಗುಟ್ಟುವುದು, ತಲೆಸುತ್ತು, ವಾಕರಿಕೆ ಬಂದರೂ ಸುಮ್ಮನೆ ಕೂರಬೇಡಿ.

ಆನ್‌ಲೈನ್‌ನಲ್ಲಿ ಬಾಟಲಿ ಸಿಗುತ್ತದೆ. ಮನೆಯಲ್ಲೇ ಮಾಡಿಕೊಳ್ಳಬಹುದೇ?

ಶೇ. 10ರೊಳಗಿನ ಗ್ಲೈಕೋಲಿಕ್ ಅಥವಾ ಲ್ಯಾಕ್ಟಿಕ್ ಇರುವ, ಪಿಎಚ್ 3.5ಕ್ಕೆ ಕಡಿಮೆಯಿಲ್ಲದ ಕ್ರೀಮ್‌ಗಳನ್ನು ಮನೆಯಲ್ಲಿ ಬಳಸಬಹುದು. ಅವು ನಿಧಾನವಾಗಿ ಒಳ್ಳೆಯದನ್ನೇ ಮಾಡುತ್ತವೆ. ಶೇ. 30, 50, 70 ಎಂದು ಬರೆದ ಬಾಟಲಿಗಳು, ಯಾವುದೇ ಶೇಕಡಾದ ಟಿಸಿಎ, ಇವು ಬೇಡ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಜುಲೈನಲ್ಲಿ, ಇಂಥ ಗಡಸು ಪೀಲ್‌ಗಳನ್ನು ವೃತ್ತಿಪರರ ನಿಗಾ ಇಲ್ಲದೆ ಕೊಳ್ಳಬೇಡಿ, ಹಚ್ಚಬೇಡಿ ಎಂದು ಜನರನ್ನು ಎಚ್ಚರಿಸಿತು. ಕನ್ನಡಿಯಲ್ಲಿ ತನ್ನ ಮುಖ ತಾನೇ ನೋಡಿಕೊಂಡು ಆಸಿಡ್ ಹಚ್ಚುವಾಗ ಉರಿ ಶುರುವಾದರೆ ಕೈ ನಡುಗುತ್ತದೆ, ಕಣ್ಣಲ್ಲಿ ನೀರು ತುಂಬುತ್ತದೆ. ಆ ನೀರು ಕೆನ್ನೆಗೆ ಇಳಿದು ಆಸಿಡ್ಡನ್ನು ಗೆರೆಗೆರೆಯಾಗಿ ಕುತ್ತಿಗೆಗೆ ಹರಿಸಿದ್ದನ್ನು ನಾನು ಕಂಡಿದ್ದೇನೆ.

ಫಲ ಯಾವಾಗ ಕಾಣುತ್ತದೆ, ಎಷ್ಟು ಕಾಲ ಉಳಿಯುತ್ತದೆ?

ಹೊಳಪು ವಾರದಲ್ಲೇ ಬರುತ್ತದೆ. ಕೊಲಾಜನ್ ನಿಧಾನದ ಕೆಲಸಗಾರ. ಸುಕ್ಕಿನ ನಿಜವಾದ ಬದಲಾವಣೆ ನೋಡಲು ಎರಡು ಮೂರು ತಿಂಗಳು ಕೊಡಿ. ಒಂದೇ ಜಾಗ, ಒಂದೇ ಬೆಳಕಿನಲ್ಲಿ ಮುಂಚೆ ಒಂದು, ಆಮೇಲೆ ಒಂದು ಫೋಟೋ ತೆಗೆಸಿಕೊಳ್ಳಿ, ನೆನಪನ್ನು ನಂಬಬೇಡಿ. ಮೇಲ್ಪದರದ ಪೀಲ್‌ನ ಫಲ ಕೆಲವು ತಿಂಗಳು, ಮಧ್ಯಮದ್ದು ಹೆಚ್ಚು ಕಾಲ, ಆಳದ್ದು ವರ್ಷಗಟ್ಟಲೆ. ವಯಸ್ಸಾಗುವುದು ಮಾತ್ರ ನಿಲ್ಲುವುದಿಲ್ಲ.

ಪದೇ ಪದೇ ಮಾಡಿಸಿದರೆ ಚರ್ಮ ತೆಳುವಾಗುತ್ತದೆಯೇ?

ಮೇಲ್ಪದರದ ಪೀಲ್‌ನಲ್ಲಿ ಉದುರುವುದು ಹೆಚ್ಚಾಗಿ ಸತ್ತ ಕೋಶಗಳ ಹೊರ ಹೊದಿಕೆ. ಅದರ ಕೆಳಗಿನ ಜೀವಂತ ಪದರ ಮತ್ತು ಒಳಪದರ ಸರಿಯಾದ ಅಂತರದಲ್ಲಿ ಮಾಡಿದ ಪೀಲ್‌ಗಳಿಂದ ದಪ್ಪವೇ ಆಗುತ್ತವೆ. ಮಾಗಲು ಬಿಡದೆ ಮೇಲಿಂದ ಮೇಲೆ ಮಾಡಿಸಿದರೆ ಚರ್ಮ ಸದಾ ಕೆರಳಿರುತ್ತದೆ, ಏನು ಹಚ್ಚಿದರೂ ಉರಿಯುತ್ತದೆ.

ಕುತ್ತಿಗೆಗೂ ಅದನ್ನೇ ಹಚ್ಚಬಹುದೇ?

ಬೇಡ. ಕುತ್ತಿಗೆಯಲ್ಲಿ ಎಣ್ಣೆಗ್ರಂಥಿ, ಕೂದಲ ಬುಡ ಕಡಿಮೆ. ಹೊಸ ಚರ್ಮ ಹುಟ್ಟಿಬರುವುದು ಅಲ್ಲಿಂದಲೇ ಆದ್ದರಿಂದ ಅಲ್ಲಿ ಮಾಗುವುದು ನಿಧಾನ, ಕಲೆಗಟ್ಟುವುದು ಸುಲಭ. ಸೌಮ್ಯವಾದ ಪೀಲ್ ಮಾತ್ರ.

ಲೇಸರ್ ಒಳ್ಳೆಯದೋ ಪೀಲ್ ಒಳ್ಳೆಯದೋ?

ಎರಡೂ ಚರ್ಮಕ್ಕೆ ಅಳೆದು ಗಾಯ ಮಾಡುವ ದಾರಿಗಳೇ. ಯಂತ್ರದ ಹೆಸರಿಗಿಂತ ಎಷ್ಟು ಆಳ, ಯಾವ ಚರ್ಮ, ಯಾರ ಕೈ ಎಂದು ನೋಡಿ. ನಗುಗೆರೆಗೆ ಇಂಜೆಕ್ಷನ್, ಮೇಲ್ಮೈಗೆ ಪೀಲ್, ಹೀಗೆ ಎರಡನ್ನೂ ಜೋಡಿಸುವುದೂ ಉಂಟು.

ಡಾಕ್ಟರ್ ಹತ್ತಿರ ಏನು ಕೇಳಬೇಕು?

ಸಂಕೋಚ ಬಿಟ್ಟು ಕೇಳಿ. ಯಾವ ಆಸಿಡ್, ಎಷ್ಟು ಶೇಕಡಾ, ಎಲ್ಲಿಯವರೆಗೆ ಇಳಿಸುತ್ತೀರಿ? ನನ್ನಂಥ ಮೈಬಣ್ಣದವರಿಗೆ ಮಾಡಿದ್ದೀರಾ, ಅವರಲ್ಲಿ ಕಲೆಯಾದವರೂ ಇದ್ದಾರೆಯೇ? ಹಚ್ಚುವುದು ನೀವೋ, ಸಹಾಯಕರೋ? ನನ್ನ ಮುಖದ ಯಾವ ಗೆರೆ ಹೋಗುವುದಿಲ್ಲ, ಬೆರಳಿಟ್ಟು ತೋರಿಸುತ್ತೀರಾ? ರಾತ್ರಿ ಹನ್ನೊಂದಕ್ಕೆ ಮುಖ ಊದಿದರೆ ಯಾವ ನಂಬರಿಗೆ ಫೋನ್ ಮಾಡಲಿ? ಈ ಕೊನೆಯ ಪ್ರಶ್ನೆಗೆ ಉತ್ತರ ಚೀಟಿಯ ಮೇಲೆ ಬರೆದುಕೊಟ್ಟ ಮೇಲೆ ದಿನ ಗೊತ್ತುಮಾಡಿ.